ಪರದೇಶಿಗೆ ಸಂದ ದಾಸೋಹ

ಸ್ವಗ್ರಾಮದಲ್ಲಿ ಬಂಧುಮಿತ್ರರ ನಡುವೆ ಬಾಳುವವನಿಗೆ ಒಂದು ಒಳ್ಳೆಯ ಮಾತಿನ ಬೆಲೆ ಅರಿವಾಗುವುದಿಲ್ಲ. ನುಡಿ, ಉಣಿಸು, ಆಚಾರಗಳೆಲ್ಲವೂ ಬೇರೆಯಾದ ನಾಡಿನಲ್ಲಿ ಒಂಟಿಯಾಗಿ ನಿಂತವನೇ ಅದನ್ನು ಬಲ್ಲನು. ದಾಸೋಹವೆಂದರೆ ಅನ್ನವಿಕ್ಕುವುದಷ್ಟೇ ಎಂದು ತಿಳಿದವರುಂಟು. ತನುಮನಧನಗಳೆಂಬ ಮೂರನ್ನೂ ಸವೆಸುವುದೇ ದಾಸೋಹವೆಂಬುದು ಶರಣರ ಮತ. ಬಲ್ಲವನು ತನ್ನ ವಿದ್ಯೆಯನ್ನು ಬೇಡದವನಿಗೂ ಕರೆದು ನೀಡಿದರೆ ಅದೂ ದಾಸೋಹವೇ. ಇದಕ್ಕೆ ಜಪಾನಿನಲ್ಲಿ ನಡೆದ ಸಂಗತಿಯೊಂದು ಒಳ್ಳೆಯ ದೃಷ್ಟಾಂತವಾಗಿದೆ.

ಮುಂದೆ ಲು ಶುನ್ ಎಂಬ ಹೆಸರಿನಿಂದ ಚೀನಾದೇಶದ ಮಹಾಲೇಖಕನೆನಿಸಿದವನು 1904ರಲ್ಲಿ ಸೆಂದಾಯಿ ನಗರದ ವೈದ್ಯಶಾಲೆಗೆ ವಿದ್ಯಾರ್ಥಿಯಾಗಿ ಬಂದನು. ಚೀನೀಯರೆಂದರೆ ಅಲ್ಲಿ ಹಲವರಿಗೆ ತಾತ್ಸಾರ. ಆದರೆ ಶರೀರರಚನಾಶಾಸ್ತ್ರವನ್ನು ಬೋಧಿಸುತ್ತಿದ್ದ ಫುಜಿನೊ ಗೆಂಕುರೊ ಎಂಬ ಗುರುಗಳು ಆತನನ್ನು ಕರೆದು, ಪಾಠವನ್ನು ಬರೆದುಕೊಳ್ಳಲು ಸಾಧ್ಯವಾಗುತ್ತಿದೆಯೇ ಎಂದು ವಿಚಾರಿಸಿ, ಟಿಪ್ಪಣಿಯ ಪುಸ್ತಕವನ್ನು ತರಿಸಿಕೊಂಡರು. ಎರಡು ಮೂರು ದಿನಗಳ ತರುವಾಯ ಅದನ್ನು ಮರಳಿ ಪಡೆದ ತರುಣನು ಬೆರಗಾದನು. ಮೊದಲಿನಿಂದ ಕೊನೆಯವರೆಗೂ ಕೆಂಪು ಮಸಿಯ ತಿದ್ದುಪಡಿ! ಬಿಟ್ಟುಹೋದುದೆಲ್ಲ ತುಂಬಿತ್ತು, ವ್ಯಾಕರಣದ ತಪ್ಪುಗಳೂ ನೇರ್ಪಟ್ಟಿದ್ದವು. ಅವರ ಪಾಠಗಳು ಮುಗಿಯುವ ತನಕ ವಾರವಾರವೂ ಇದೇ ಕ್ರಮ ನಡೆಯಿತು.

ಆತನು ಪರೀಕ್ಷೆಯಲ್ಲಿ ತೇರ್ಗಡೆಯಾದಾಗ, ಗುರುವೇ ಪ್ರಶ್ನೆಗಳನ್ನು ಮೊದಲು ತಿಳಿಸಿದನೆಂದು ಕೆಲವರು ಅಪವಾದ ಹೊರಿಸಿದರು. ಆಗ ಆತನ ಪರವಾಗಿ ಸಿಡಿದೆದ್ದವರು ಜಪಾನೀ ಗೆಳೆಯರೇ. ಒಂದೇ ನಾಡಿನಲ್ಲಿ ತಾತ್ಸಾರವೂ ಉಂಟು, ಕರುಣೆಯೂ ಉಂಟು. ಆದುದರಿಂದ ಮನುಷ್ಯನನ್ನು ಅವನ ಕುಲದಿಂದ ಅಳೆಯಬಾರದು, ನಡೆಯಿಂದ ಅಳೆಯಬೇಕು.

1906ರಲ್ಲಿ ಲು ಶುನ್ ವೈದ್ಯವಿದ್ಯೆಯನ್ನು ತೊರೆದು ಹೊರಟನು. ಗುರುಗಳು ವಿಯೋಗದ ವ್ಯಥೆಯನ್ನು ಎರಡೇ ಅಕ್ಷರಗಳಲ್ಲಿ ಬೆನ್ನಮೇಲೆ ಬರೆದ ತಮ್ಮ ಭಾವಚಿತ್ರವೊಂದನ್ನು ಕೊಟ್ಟು, ಪತ್ರ ಬರೆಯುತ್ತಿರೆಂದರು. ಶಿಷ್ಯನು ಒಂದು ಪತ್ರವನ್ನೂ ಬರೆಯಲಿಲ್ಲ. ಹೇಳಿಕೊಳ್ಳುವಂಥ ಸಾಧನೆಯಿಲ್ಲವೆಂಬ ನಾಚಿಕೆಯಿಂದ ದಿನ ತಳ್ಳಿದನು. ದಿನ ಕಳೆದಷ್ಟೂ ಬರೆಯುವುದು ಕಷ್ಟವಾಯಿತು. ಆದರೆ ಆ ಚಿತ್ರವನ್ನು ತನ್ನ ಮನೆಯ ಗೋಡೆಗೆ ತೂಗುಹಾಕಿದ್ದನು. ರಾತ್ರಿ ದಣಿದು ಲೇಖನಿಯನ್ನಿಡುವಾಗ ಆ ಮುಖ ಕಂಡರೆ ಮತ್ತೆ ಬರೆಯಲು ಧೈರ್ಯ ಮೂಡುತ್ತಿತ್ತೆಂದು 1926ರಲ್ಲಿ ಬರೆದನು.

1936ರಲ್ಲಿ ಲು ಶುನ್ ತೀರಿಕೊಂಡ ಮೇಲೆ ಫುಜಿನೊ ಅವರು ತಮ್ಮ ಕರುಣೆಯ ಮೂಲವನ್ನು ತಿಳಿಸಿದರು. ಬಾಲ್ಯದಲ್ಲಿ ಗುರುವೊಬ್ಬರಿಂದ ಚೀನೀ ಶಾಸ್ತ್ರಗಳನ್ನು ಕಲಿತಿದ್ದರಿಂದ ಆ ನಾಡಿನವರನ್ನು ಗೌರವಿಸಬೇಕೆಂಬ ಭಾವ ಅವರಲ್ಲಿ ನೆಲೆಸಿತ್ತು. ತಾವು ಮಹತ್ತಾದುದನ್ನು ಮಾಡಿದೆವೆಂಬ ಹಮ್ಮು ಅವರಲ್ಲಿರಲಿಲ್ಲ. ಮಾಡಿದೆನೆಂಬ ಭಾವ ಅಳಿದಲ್ಲಿ ಮಾತ್ರ ಮಾಟವು ದಾಸೋಹವಾಗುತ್ತದೆ.

ಇಂದು ಅನೇಕ ಗೃಹಸ್ಥರ ಮಕ್ಕಳು ಕಡಲಾಚೆ ಇದ್ದಾರೆ. ಜ್ವರ ಬಂದಾಗ ಗಂಜಿ ಕಾಯಿಸಿಕೊಡುವವರು, ದಾರಿ ತಪ್ಪಿದಾಗ ಮನೆ ಮುಟ್ಟಿಸುವವರು ಅಲ್ಲಿನ ಅನ್ಯಧರ್ಮೀಯ ನೆರೆಹೊರೆಯವರೇ. ಮುಖ ಕಾಣದ ಆ ತಾಯಿತಂದೆಗಳ ಋಣವನ್ನು ಇಲ್ಲಿ ಕುಳಿತು ತೀರಿಸುವ ಬಗೆಯೆಂತು? ಮಾರ್ಗವೊಂದುಂಟು. ನುಡಿ ಬಾರದೆ ನಮ್ಮ ಬೀದಿಯಲ್ಲಿ ತಬ್ಬಿಬ್ಬಾಗಿ ನಿಂತಿರುವವನೂ ಯಾರದೋ ಮನೆಯ ಮಗನೇ. ಅವನನ್ನು ಒಳಗೆ ಕರೆಯುವುದೇ ಆ ಋಣದ ಸಲ್ಲಿಕೆ.