ರಜ ಹೊಡೆಯುವ ಸೇವೆ, ಗುಡಿಸುವ ಯಂತ್ರ

ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ ಹರಕೆ ಹೊತ್ತವರು ಉರುಳು ಸೇವೆ, ಪಂಜಿನ ಸೇವೆಗಳ ಜೊತೆಗೆ ರಜ ಹೊಡೆಯುವ ಸೇವೆಯನ್ನೂ ಮಾಡುತ್ತಾರೆ. ಪೊರಕೆ ಹಿಡಿದು ದೇವಸ್ಥಾನದ ಸುತ್ತ ಗುಡಿಸುವುದೇ ಈ ಸೇವೆ. ಭಕ್ತರು ಮಾದಪ್ಪ ಎಂದು ಕರೆಯುವ ಮಹದೇಶ್ವರನಿಗೆ ಬೆಳ್ಳಿ ಬಂಗಾರ ಒಪ್ಪಿಸುವವರು ಎಷ್ಟೇ ಇರಲಿ, ಅವನ ಅಂಗಳದ ದೂಳಿಗೆ ಬಗ್ಗುವುದೂ ಅಷ್ಟೇ ದೊಡ್ಡ ಕಾಣಿಕೆ ಎಂದು ಈ ಸೀಮೆಯ ಭಕ್ತಿ ನಂಬಿಕೊಂಡು ಬಂದಿದೆ. ಇಂಥ ಸೀಮೆಯಲ್ಲಿ, ಚಾಮರಾಜನಗರದ ಬಡಾವಣೆಯ ಮನೆಗೋ ಗುಂಡ್ಲುಪೇಟೆಯ ಪೇಟೆಬೀದಿಯ ಮನೆಗೋ, ತನ್ನಷ್ಟಕ್ಕೆ ಓಡಾಡಿ ಕಸ ಹೀರುವ ರೋಬೋಟ್ ಬಂದರೆ ಬೆಲೆ, ಬ್ಯಾಟರಿಗಳ ಲೆಕ್ಕ ಮೀರಿದ ಪ್ರಶ್ನೆಯೊಂದು ಏಳುತ್ತದೆ. ಗುಡಿಸುವುದು ಸೇವೆಯೇ ಆಗಿದ್ದರೆ, ಅದನ್ನು ಯಂತ್ರಕ್ಕೆ ಬಿಟ್ಟುಕೊಟ್ಟವರು ಏನನ್ನಾದರೂ ಕಳೆದುಕೊಳ್ಳುತ್ತಾರೆಯೇ? ನನ್ನ ಉತ್ತರ ಇಷ್ಟು: ಯಂತ್ರ ಗುಡಿಸಲಿ, ಆದರೆ ನಮ್ಮ ಕಸವನ್ನು ನಮ್ಮ ಕಣ್ಣಿಂದಲೇ ಮರೆಮಾಡುವ ಯಂತ್ರ ಬೇಡ.

ಬೆಟ್ಟದಲ್ಲಿ ಗುಡಿಸುವಾಗಲೂ ಮನೆಯಲ್ಲಿ ಗುಡಿಸುವಾಗಲೂ ಕೈ ಆಡುವ ರೀತಿ ಒಂದೇ. ಯಾರು, ಯಾಕೆ ಬಗ್ಗುತ್ತಾರೆ ಎಂಬುದರಲ್ಲಿ ಎರಡೂ ಬೇರೆಯಾಗುತ್ತವೆ. ರಜ ಹೊಡೆಯುವವರು ತಾವಾಗಿ ಹರಕೆ ಹೊತ್ತವರು. 12ನೇ ಶತಮಾನದ ಶರಣೆ ಸತ್ಯಕ್ಕ ಭಕ್ತರ ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡಿದ್ದಳು. ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಮುಟ್ಟಲಾರೆನೆಂದು ಆಣೆಯಿಟ್ಟು ಹೇಳಿದವಳು. ಅವಳ ಘನತೆಯ ಬೇರು ಇರುವುದು ಆ ಕೆಲಸವನ್ನು ಅವಳೇ ಆರಿಸಿಕೊಂಡದ್ದರಲ್ಲಿ. ಬೆಳಕು ಹರಿಯುವ ಮೊದಲೇ ಎದ್ದು ಮನೆಯೆಲ್ಲ ಗುಡಿಸಿ, ಬಾಗಿಲಿಗೆ ಸಗಣಿ ನೀರು ಹಾಕಿ, ರಂಗೋಲಿ ಬಿಡುವ ಸೊಸೆಗೆ ಅಂಥ ಆಯ್ಕೆಯನ್ನು ನಾವು ಕೊಟ್ಟೇ ಇರಲಿಲ್ಲ. ಅವಳ ದುಡಿಮೆಯನ್ನು ಸೇವೆ ಎಂದು ಹೊಗಳಿದವರು ಹೆಚ್ಚಾಗಿ ಪೊರಕೆ ಮುಟ್ಟದವರೇ.

ಶುಚಿಯ ಬಗ್ಗೆ ಈ ಸೀಮೆಗೆ ತನ್ನದೇ ಧರ್ಮಜಿಜ್ಞಾಸೆ ಇದೆ. ಜನಪದ ಗಾಯಕರಾದ ನೀಲಗಾರರು ತಂಬೂರಿ ಮೀಟುತ್ತ ಹಾಡುವ ಕಾವ್ಯದಲ್ಲಿ ಸಂತ ಮಂಟೇಸ್ವಾಮಿ ಶರಣರ ಕಲ್ಯಾಣಕ್ಕೆ ಬರುವುದು ನಾರುವ ಮೈಯ, ಹೊಲಸು ವೇಷದ ಭಿಕ್ಷುಕನಾಗಿ. ಬಾಗಿಲು ಕಾಯುವವರು ಅವನನ್ನು ಒಳಗೆ ಬಿಡುವುದಿಲ್ಲ. ಜಾತಿ ಮೀರಿದೆವೆಂದು ನಂಬಿದ್ದ ಶರಣರ ಪಟ್ಟಣಕ್ಕೇ ಹೊಲಸಿನ ಪರೀಕ್ಷೆ ಒಡ್ಡುವ ಈ ಕಥೆ, ಅಂಗಳ ಚೊಕ್ಕಟವಾಗಿದ್ದರೆ ಅಲ್ಲಿದ್ದ ಹೊಲಸನ್ನು ಯಾರ ಮೈಮೇಲೆ ಹೊರಿಸಿದಿರಿ ಎಂದು ಕೇಳುತ್ತದೆ. ಜಾತಿ ಇದಕ್ಕೆ ಕೊಟ್ಟ ಉತ್ತರ ನಮಗೆ ಗೊತ್ತೇ ಇದೆ: ಒಬ್ಬರ ಮಡಿ ಉಳಿಯಲೆಂದು ಇನ್ನೊಬ್ಬರು ಹುಟ್ಟಿನಿಂದಲೇ ಹೊಲಸು ಹೊರಬೇಕಾಯಿತು. 1970ರ ದಶಕದಲ್ಲಿ ಕರ್ನಾಟಕದ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 2013ರಲ್ಲಿ ಸಂಸತ್ತು ಇನ್ನಷ್ಟು ಬಿಗಿಯಾದ ಕಾಯ್ದೆ ತಂದಿತು. ಒಂದು ಕಾಯಕ ಅಳಿಯಿತೆಂದು ಮರುಗಲು ಅಲ್ಲಿ ಏನೂ ಇರಲಿಲ್ಲ. ಯಂತ್ರಕ್ಕೆ ಜಾತಿ ಹಚ್ಚಲಾಗದು. ಕಸ ಮುಟ್ಟಿತೆಂದು ಅದನ್ನು ಕೇರಿಗೆ ಅಟ್ಟಲಾಗದು. ಮನೆಯೊಳಗೆ ಪೊರಕೆಯ ಜಾಗಕ್ಕೆ ಯಂತ್ರ ಬರುವುದನ್ನು ಧರ್ಮದ ದೃಷ್ಟಿಯಿಂದಲೇ ಸ್ವಾಗತಿಸಲು ನನಗೆ ಇದು ಸಾಕು.

ಕಾಯಕವೆಂದರೆ ಸ್ವಂತ ಮೈಬೆವರು, ಯಂತ್ರಕ್ಕೆ ಒಪ್ಪಿಸಿದ ಮೇಲೆ ಕಾಯಕವೆಲ್ಲಿ ಬಂತು ಎನ್ನುವವರಿದ್ದಾರೆ. ಈ ಮಾತನ್ನು ಹಗುರಾಗಿ ತಳ್ಳಿಹಾಕಬಾರದು. ಆದರೆ ಮಾದಪ್ಪನ ಕಥೆಯನ್ನೇ ನೋಡಿ. ಸುತ್ತೂರು ಮಠದಲ್ಲಿ ಅವನ ಪಾಲಿಗೆ ಬಂದದ್ದು ರಾಗಿ ಬೀಸುವ ಕೆಲಸ. ಕಲ್ಲು ತಾನೇ ತಿರುಗಿ ರಾಗಿ ಬೀಸಿತೆಂದು ಜನ ಹೇಳುವುದುಂಟು. ಭಕ್ತರು ಅದನ್ನು ಮೈಗಳ್ಳತನ ಎನ್ನಲಿಲ್ಲ, ಪವಾಡ ಎಂದರು. ಬೀಸಿ ಬೀಸಿ ರಟ್ಟೆ ಸೋತವರ ಹಂಬಲ ಆ ಕಲ್ಪನೆಯೊಳಗೆ ಸೇರಿಕೊಂಡಿರಬೇಕೆಂದು ನನಗನಿಸುತ್ತದೆ. ಮುಂದೆ ಹಿಟ್ಟಿನ ಗಿರಣಿ ಬಂತು, ಬೀಸುವ ಪದಗಳು ಹಾಡುವವರಿಲ್ಲದೆ ಪುಸ್ತಕ ಸೇರಿದವು. ಅದು ನಿಜವಾದ ನಷ್ಟವೇ. ಹಾಗೆಂದು ಹಾಡು ಉಳಿಯಲೆಂದು ಹೆಂಗಸರು ಮತ್ತೆ ಬೀಸಲು ಕೂರಲಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಗುಡಿಸುವುದರಲ್ಲಿ ನೆಮ್ಮದಿ ಕಾಣುವವರು ಗುಡಿಸಲಿ; ಯಂತ್ರ ಬಂದ ಮೇಲಷ್ಟೇ ಅದು ಅವರು ತಾವಾಗಿ ಹೊತ್ತ ಹರಕೆಯಾಗಬಲ್ಲದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮನೆಗೆಲಸದಾಕೆಯ ಹೊಟ್ಟೆಪಾಡಿನದು. ಕರ್ನಾಟಕ 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿತು. ಆದರೆ ನಾಲ್ಕು ಗೋಡೆಗಳ ಒಳಗೆ, ಒಬ್ಬಳೇ ನಿಂತು, ಅದನ್ನು ಕೇಳಿ ಪಡೆಯುವುದು ಸುಲಭವಲ್ಲ. ಸಾವಿರಾರು ರೂಪಾಯಿ ಕೊಟ್ಟು ಯಂತ್ರ ತಂದು, ಅದೇ ತಿಂಗಳು ಅವಳನ್ನು ಬಿಡಿಸುವುದು ಅನ್ಯಾಯ. ಅವಳಿಗೆ ಕೆಲಸ ಇರಲೆಂಬ ಕರುಣೆಯ ಹೆಸರಿನಲ್ಲಿ ಅವಳ ಸೊಂಟ ಬಗ್ಗಿಸುತ್ತಲೇ ಇರುವುದೂ ನ್ಯಾಯವಲ್ಲ. ಸಂಬಳಕ್ಕೆ ಕೈಹಾಕದೆ ಹೊರೆಯನ್ನಷ್ಟೇ ಇಳಿಸಬಹುದು. ಯಂತ್ರ ಕೊಳ್ಳಬಲ್ಲವರಿಗೆ ಇದು ಶಕ್ತಿ ಮೀರಿದ ಮಾತಲ್ಲ.

ಇಷ್ಟನ್ನು ಒಪ್ಪಿದರೆ ಯಾವ ಯಂತ್ರ ತರಬೇಕೆಂಬುದೂ ಬೇರೆ ರೀತಿ ಕಾಣತೊಡಗುತ್ತದೆ. ಈಗಿನ ಎಷ್ಟೋ ರೋಬೋಟ್‌ಗಳು ಲೇಸರ್ ಹಾಯಿಸಿ ಮನೆಯ ನಕ್ಷೆ ಬರೆದುಕೊಳ್ಳುತ್ತವೆ, ಮೆಟ್ಟಿಲಂಚಿನಲ್ಲಿ ಹಿಂದೆ ಸರಿಯುತ್ತವೆ, ಚಾರ್ಜ್ ಇಳಿದರೆ ತಾವೇ ನೆಲೆಗೆ ಮರಳುತ್ತವೆ. ಸುಮಾರು 2 ಸೆಂಟಿಮೀಟರ್ ಮೀರಿದ ಹೊಸ್ತಿಲನ್ನು ಹೆಚ್ಚಿನವು ಹತ್ತಲಾರವು. ಅರಿಸಿನ ಕುಂಕುಮ ಹಚ್ಚಿದ ಹೊಸ್ತಿಲನ್ನು ಅದಕ್ಕಾಗಿ ಕೀಳಿಸಬೇಕಿಲ್ಲ, ಯಂತ್ರವನ್ನೇ ಎತ್ತಿ ಆಚೆ ಇಟ್ಟರಾಯಿತು. ನನ್ನ ತಕರಾರು ಇರುವುದು ದುಬಾರಿ ಮಾದರಿಗಳ ಜೊತೆ ಬರುವ ಡಾಕ್ ಬಗ್ಗೆ. ಅದು ರೋಬೋಟಿನ ಹೊಟ್ಟೆಯ ಕಸವನ್ನು ತಾನೇ ಹೀರಿ ಚೀಲಕ್ಕೆ ತುಂಬಿಕೊಳ್ಳುತ್ತದೆ; ವಾರಗಟ್ಟಲೆ ಕಸದ ಮುಖ ನೋಡಬೇಕಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಉಬ್ಬಸ ಇರುವವರಿಗೆ, ಬಗ್ಗಲಾರದ ವಯಸ್ಸಾದವರಿಗೆ ಅದು ಬೇಕಾಗಬಹುದು, ಅವರ ಮಾತು ಬೇರೆ. ಉಳಿದವರು ಕೈಯಾರೆ ಖಾಲಿ ಮಾಡುವ ಡಬ್ಬಿಯ ಯಂತ್ರವನ್ನೇ ತರಲಿ. ಬ್ರಷ್ಷಿಗೆ ಸುತ್ತಿಕೊಂಡ ಕೂದಲು ಬಿಡಿಸುವುದು, ಫಿಲ್ಟರ್ ಕೊಡವುವುದು, ಡಬ್ಬಿ ಸುರಿಯುವುದು ಕೆಲವೇ ನಿಮಿಷದ ಕೆಲಸ. ಇದುವರೆಗೆ ಪೊರಕೆ ಮುಟ್ಟದಿದ್ದ ಯಜಮಾನರೇ ಅದನ್ನು ಮಾಡಲಿ. ಡಾಕ್‌ನ ಚೀಲವಾದರೂ ತುಂಬಿದ ದಿನ ಹೊರಗೆ ಬರಲೇಬೇಕು. ಚಾಮರಾಜನಗರ ನಗರಸಭೆಯದೋ ಗುಂಡ್ಲುಪೇಟೆ ಪುರಸಭೆಯದೋ ಗಾಡಿ ಬೀದಿಗೆ ಬಂದಾಗ ಅದನ್ನು ಇಸಿದುಕೊಳ್ಳುವವರು ಪೌರಕಾರ್ಮಿಕರು. ಗಾಜಿನ ಚೂರು, ಬ್ಲೇಡು, ಹಸಿ ಕಸಗಳನ್ನು ಬೇರೆ ಬೇರೆ ಮಾಡಿ ಅವರಿಗೆ ಕೊಡಬೇಕಾದರೆ, ಕಸದಲ್ಲಿ ಏನೇನಿದೆಯೆಂದು ಮನೆಯವರಿಗೆ ಮೊದಲು ಗೊತ್ತಿರಬೇಕು.