ಶಮ್ ಧಾತುವಿನ ಕಾವು

ಬೆಂಕಿ ಬಿದ್ದಾಗ ಓಡಿಬರುವ ಅಗ್ನಿಶಾಮಕ ದಳದ ಹೆಸರಿನಲ್ಲೂ, ಮಂತ್ರದ ಕೊನೆಗೆ ಮೂರು ಸಲ ಹೇಳುವ ‘ಶಾಂತಿ’ಯಲ್ಲೂ ಇರುವುದು ಒಂದೇ ಧಾತು: ಶಮ್. ಇದು ಆಕಸ್ಮಿಕವಲ್ಲ. ಉರಿ ಆರುವುದಕ್ಕೂ ಮನಸ್ಸು ತಣಿಯುವುದಕ್ಕೂ ಸಂಸ್ಕೃತದಲ್ಲಿ ‘ಶಾಮ್ಯತಿ’ ಎಂಬ ಒಂದೇ ಕ್ರಿಯಾಪದ ಸಾಕು.

ಪಾಣಿನಿಯ ಪ್ರಕಾರ ಈ ಧಾತುವಿಗೆ ‘ಕ್ತಿನ್’ ಪ್ರತ್ಯಯ ಸೇರುತ್ತದೆ. ಅದರಲ್ಲಿ ಉಳಿಯುವುದು ‘ತಿ’ ಮಾತ್ರ. ಗತಿ, ಮತಿ, ಸ್ತುತಿಗಳೂ ಹೀಗೇ ಆದವು. ಧಾತುವಿನ ಅಕಾರ ದೀರ್ಘವಾಗುತ್ತದೆ, ಮಕಾರ ಪಕ್ಕದ ತಕಾರಕ್ಕೆ ಹೊಂದಿಕೊಂಡು ನಕಾರವಾಗುತ್ತದೆ. ನಾವು ಸೊನ್ನೆ ಬರೆದರೂ ನಾಲಿಗೆ ‘ಶಾನ್ತಿ’ ಎಂದೇ ನುಡಿಯುತ್ತದೆ.

ಅಚಲ, ನಿಶ್ಚಲ, ನಿಸ್ಪಂದ ಎಂಬ ಪದಗಳು ಚಲನೆಯನ್ನು ಅಲ್ಲಗಳೆದು ಹುಟ್ಟಿದವು. ಬಂಡೆಯೂ ನಿಶ್ಚಲವೇ. ಶಾಂತಿಯಲ್ಲಿ ಅಂಥ ನಿಷೇಧವಿಲ್ಲ. ಏನೋ ಉರಿಯುತ್ತಿತ್ತು, ಈಗ ತಣಿದಿದೆ ಎಂಬ ನೆನಪು ಅದರ ಧಾತುವಿನಲ್ಲೇ ಇದೆ.

ವೇದದ ಭಾಷೆಯಲ್ಲಿ ಶಮ್ ಎಂದರೆ ದುಡಿಯುವುದು, ಯಜ್ಞಕರ್ಮದಲ್ಲಿ ದಣಿಯುವುದು ಎಂದೂ ಅರ್ಥವಿತ್ತು. ಯಜ್ಞಪಶುವನ್ನು ಕೊಲ್ಲುವವನನ್ನು ‘ಶಮಿತೃ’ ಎಂದು ಕರೆದರು, ಅಂದರೆ ಸುಮ್ಮನಾಗಿಸುವವನು. ಶಾಂತಿಮಂತ್ರಕ್ಕೆ ಒಗ್ಗಿದ ಕಿವಿಗೆ ಇದು ಕಠೋರವಾಗಿ ಕೇಳಿಸುತ್ತದೆ, ಆದರೆ ಮರೆಮಾಚಬೇಕಾದದ್ದಲ್ಲ. ದುಡಿಮೆ, ದಣಿವು, ವಿರಾಮ ಎಂಬ ಈ ಸರಣಿ ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲೂ ಬೇರೊಂದು ಎತ್ತರದಲ್ಲಿ ಸಿಗುತ್ತದೆ: ಯೋಗವನ್ನು ಏರಹೊರಟವನಿಗೆ ಕರ್ಮವೇ ಸಾಧನ, ಏರಿದವನಿಗೆ ಶಮ.

ಹಾಗಾದರೆ ಶಮವನ್ನು ರಂಗದ ಮೇಲೆ ತೋರಿಸಬಹುದೇ? ಅಲಂಕಾರಶಾಸ್ತ್ರದ ದೊಡ್ಡ ಜಗಳಗಳಲ್ಲಿ ಇದೂ ಒಂದು. ಎಲ್ಲ ವ್ಯಾಪಾರವೂ ನಿಂತ ಸ್ಥಿತಿಗೆ ಅಭಿನಯವೆಲ್ಲಿ ಎಂದು ‘ದಶರೂಪಕ’ಕ್ಕೆ ವ್ಯಾಖ್ಯಾನ ಬರೆದ ಧನಿಕ ಕೇಳಿದ. ಕಾಶ್ಮೀರದ ಅಭಿನವಗುಪ್ತ ಮಾತ್ರ ಶಾಂತವನ್ನು ಒಂಬತ್ತನೆಯ ರಸವೆಂದು ಸಾಧಿಸಿದ. ಕೊನೆಯ ನಿಲುಗಡೆಯನ್ನೇ ತೋರಿಸಬೇಕೆಂಬ ಕಟ್ಟಳೆಯಿಲ್ಲ, ಅಲ್ಲಿಗೆ ಸಾಗುವ ಹಾದಿಯಲ್ಲಿ ಅಭಿನಯಕ್ಕೆ ಬೇಕಾದಷ್ಟು ಚಲನೆಯಿದೆ ಎಂಬುದು ಅವನ ಸಮಾಧಾನ. ಪದದ ಹುಟ್ಟನ್ನು ನೋಡಿದರೆ ಅಭಿನವಗುಪ್ತನ ಪಕ್ಷವೇ ಗಟ್ಟಿ.

ವಾದ ಹರ್ಷನ ‘ನಾಗಾನಂದ’ ನಾಟಕಕ್ಕೂ ಹಬ್ಬಿತು. ನಾಗನೊಬ್ಬನನ್ನು ಉಳಿಸಲು ಜೀಮೂತವಾಹನ ತನ್ನ ಮೈಯನ್ನೇ ಗರುಡನಿಗೆ ಒಪ್ಪಿಸುತ್ತಾನೆ. ಅದೇ ನಾಯಕ ಮಲಯವತಿಯನ್ನು ಪ್ರೀತಿಸುತ್ತಾನೆ, ಕೊನೆಗೆ ವಿದ್ಯಾಧರರ ಚಕ್ರವರ್ತಿಯೂ ಆಗುತ್ತಾನೆ. ಪ್ರೇಮ, ಸಾಮ್ರಾಜ್ಯ ಎರಡೂ ಇರುವಲ್ಲಿ ಶಮವೆಂತು ಎಂದು ಧನಿಕ ಅದನ್ನು ದಯಾವೀರಕ್ಕೆ ಸೇರಿಸಿದ. ಆನಂದವರ್ಧನ ಅದಕ್ಕೂ ಮೊದಲೇ ಅಲ್ಲಿ ಶಾಂತರಸವನ್ನು ಕಂಡಿದ್ದ.