ಜಯಾಪಜಯಗಳನ್ನು ಮುಂದಾಗಿ ನುಡಿಯುವುದು

ಇಬ್ಬರು ಮಲ್ಲರು ಕಣಕ್ಕಿಳಿಯುವುದಕ್ಕೆ ಮೊದಲೇ ಗೆಲ್ಲುವವನು ಯಾರೆಂದು ನುಡಿಯುವುದು ಲೋಕದಲ್ಲಿ ಬಹು ಹಳೆಯ ವಿನೋದ. ಆ ವಿನೋದಕ್ಕೆ ಹಣ ಸೇರಿದರೆ ಜೂಜಾಗುತ್ತದೆ. ಪಾಂಡಿತ್ಯ ಸೇರಿದರೆ ಪತ್ರಿಕೆಯ ಅಂಕಣವಾಗುತ್ತದೆ. ಎರಡರಲ್ಲಿಯೂ ಪೆಟ್ಟು ತಿನ್ನುವವನು ನುಡಿದವನಲ್ಲ, ಬೇರೊಬ್ಬ. ಆದುದರಿಂದ ಇಂಥ ಭವಿಷ್ಯವು ನಿಜವಾಯಿತೇ ಎಂದು ಕೇಳಿದಷ್ಟಕ್ಕೇ ವಿಚಾರವು ಮುಗಿಯುವುದಿಲ್ಲ. ಅದನ್ನು ಯಾರು, ಯಾವ ಆಧಾರದಿಂದ, ಯಾರ ಹಿತಕ್ಕಾಗಿ ನುಡಿದರೆಂಬುದನ್ನೂ ಕೇಳಬೇಕಾಗುತ್ತದೆ. ಬಾಕ್ಸಿಂಗ್ ಎಂಬ ಮುಷ್ಟಿಯುದ್ಧದಲ್ಲಿ, ಸೆಣಸುವವರಿಬ್ಬರೂ ಹಳಬರಾಗಿದ್ದು ಅವರ ದೇಹಪ್ರಮಾಣಗಳಲ್ಲಿ ಅಂತರವಿದ್ದರೆ, ಈ ಪ್ರಶ್ನೆಗೆ ಹೆಚ್ಚಿನ ಹರಿತ ಬರುತ್ತದೆ.

ಗಾತ್ರವು ತಕ್ಕಡಿಗೆ ಸಿಕ್ಕುವ ವಸ್ತು. ಎತ್ತರ, ತೂಕ, ತೋಳಿನ ನೀಳ ಇವುಗಳನ್ನು ಅಳೆದು ಅಚ್ಚುಹಾಕಿ ಸಾರಬಹುದು. ವಯಸ್ಸಿನ ವರ್ಷಗಳನ್ನೂ ಎಣಿಸಬಹುದು. ಆದರೆ ಆ ವರ್ಷಗಳು ದೇಹದಲ್ಲಿ ಮಾಡಿದ ಸವೆತಕ್ಕೆ ಅಳತೆಗೋಲಿಲ್ಲ. ಇದಿರಾಳಿಯ ಕಾವಲು ಸಡಿಲವಾದುದನ್ನು ಕಣ್ಣು ಕಂಡ ಕ್ಷಣಕ್ಕೂ ಮುಷ್ಟಿಯು ಹೊರಡುವ ಕ್ಷಣಕ್ಕೂ ನಡುವೆ ಇರುವ ಎಡೆ ಎಷ್ಟು ಬೆಳೆದಿದೆಯೆಂಬುದು ಹೊರಗಿನವರಿಗೆ ಕಾಣುವುದಿಲ್ಲ. ಅಳೆಯಬಹುದಾದುದೇ ಮುಖ್ಯವೆಂದು ಭ್ರಮಿಸುವುದು ಮನುಷ್ಯಬುದ್ಧಿಯ ಸಹಜದೋಷ. ಇದರಿಂದ ಗಾತ್ರವು ನಗಣ್ಯವೆಂದು ಹೇಳಿದಂತಾಗಲಿಲ್ಲ. ‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಎಂಬ ಗಾದೆ ಸಮಾಧಾನಕ್ಕೆ ಒಳ್ಳೆಯದೇ ಹೊರತು ಕಣಕ್ಕೆ ಸಲಹೆಯಲ್ಲ. ಮುಷ್ಟಿಯುದ್ಧದಲ್ಲಿ ತೂಕಕ್ಕೆ ತಕ್ಕಂತೆ ವರ್ಗಗಳನ್ನು ಮಾಡಿರುವುದೇ, ಸಮನಾದ ನೈಪುಣ್ಯವುಳ್ಳವರಲ್ಲಿ ದೊಡ್ಡವನು ಗೆಲ್ಲುವನೆಂಬ ಅನುಭವದಿಂದ.

2008ನೆಯ ಇಸವಿ ಡಿಸೆಂಬರು 6ರಂದು ಅಮೆರಿಕದ ಲಾಸ್ ವೇಗಾಸ್ ನಗರದಲ್ಲಿ ಆಸ್ಕರ್ ಡೆ ಲಾ ಹೊಯಾ ಎಂಬುವನಿಗೂ ಫಿಲಿಪೀನ್ಸ್ ದೇಶದ ಮ್ಯಾನಿ ಪಾಕಿಯಾವ್ ಎಂಬುವನಿಗೂ ಪಂದ್ಯವಾಯಿತು. ಮೊದಲನೆಯವನು 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಚಿನ್ನದ ಪದಕ ಪಡೆದವನು. ಆಗ ಅವನಿಗೆ 35 ವರ್ಷ. ಎರಡನೆಯವನಿಗೆ 29 ವರ್ಷವಾದರೂ, 1995ರಲ್ಲಿಯೇ ವೃತ್ತಿಗಿಳಿದವನಾದುದರಿಂದ ಹೊಸಬನೆನ್ನುವಂತಿರಲಿಲ್ಲ. ಎತ್ತರದಲ್ಲಿ ಡೆ ಲಾ ಹೊಯಾ 4 ಅಂಗುಲ ಮಿಗಿಲು. 2004ರಲ್ಲಿ 160 ಪೌಂಡಿನ ವರ್ಗದಲ್ಲಿ ಹೋರಾಡಿದವನು ಅವನು. ಪಾಕಿಯಾವನಾದರೋ ಆ ವರ್ಷದ ಮಾರ್ಚಿಯಲ್ಲಿ ಕೂಡ 130 ಪೌಂಡಿನ ವರ್ಗದಲ್ಲಿ ಇದ್ದವನು. ಪಣ ಕಟ್ಟಿದವರಲ್ಲಿಯೂ ಪಂಡಿತರಲ್ಲಿಯೂ ಬಹುಮಂದಿ ದೊಡ್ಡವನ ಪಕ್ಷ ವಹಿಸಿದರು. ಚಿಕ್ಕವನಿಗೆ ಅಪಾಯವಾದೀತೆಂದು ಮರುಗಿದವರೂ ಉಂಟು.

ಒಪ್ಪಂದದ ತೂಕ 147 ಪೌಂಡು. ಏಳು ವರ್ಷಗಳಿಂದ ಆ ತೂಕದಲ್ಲಿ ಹೋರಾಡದಿದ್ದ ಡೆ ಲಾ ಹೊಯಾ ದೇಹವನ್ನು ಬತ್ತಿಸಿಕೊಂಡು 145ಕ್ಕೆ ಬಂದನು. ಪಾಕಿಯಾವ್ 142 ತೂಗಿದನು. ಪಂದ್ಯದ ರಾತ್ರಿಯ ಅನಧಿಕೃತ ತೂಕದಲ್ಲಿ ಚಿಕ್ಕವನೆನಿಸಿಕೊಂಡವನು 148½, ದೊಡ್ಡವನೆನಿಸಿಕೊಂಡವನು 147. ಜನರು ತಿಂಗಳುಗಟ್ಟಲೆ ಚರ್ಚಿಸಿದ ಗಾತ್ರದ ಹೆಚ್ಚಳವು ಕಣಕ್ಕೆ ಬರುವ ಹೊತ್ತಿಗೆ ಕರಗಿಹೋಗಿತ್ತು. ಎಂಟು ಸುತ್ತುಗಳಲ್ಲಿ ಪಾಕಿಯಾವನ 224 ಹೊಡೆತಗಳು ನಾಟಿದವು, ಇದಿರಾಳಿಯವು 83. ಒಂಬತ್ತನೆಯ ಸುತ್ತಿಗೆ ಡೆ ಲಾ ಹೊಯಾ ಪೀಠದಿಂದ ಏಳಲಿಲ್ಲ.

ಇದನ್ನು ಮುಂದಾಗಿಯೇ ಕಂಡವನು ಪಾಕಿಯಾವನ ಗುರು ಫ್ರೆಡ್ಡಿ ರೋಚ್. ಕಂಡುದು ಹೇಗೆಂದರೆ, ಹಿಂದಿನ ವರ್ಷ, 2007ರ ಮೇ ತಿಂಗಳಲ್ಲಿ, ಫ್ಲಾಯ್ಡ್ ಮೇವೆದರನ ಇದಿರು ಹೋರಾಡಲು ಡೆ ಲಾ ಹೊಯಾನನ್ನು ಸಿದ್ಧಪಡಿಸಿದವನು ಅವನೇ. ಶಿಷ್ಯನ ಮುಷ್ಟಿಯು ಬೇಕಾದ ಕ್ಷಣದಲ್ಲಿ ಹೊರಡದೆಂಬುದನ್ನು ಅವನು ಅಭ್ಯಾಸಶಾಲೆಯಲ್ಲಿ ದಿನವೂ ನೋಡಿ ತಿಳಿದಿದ್ದನು. ಅವನ ನುಡಿಯಲ್ಲಿ ಊಹೆಯ ಅಂಶಕ್ಕಿಂತ ಅರಿವಿನ ಅಂಶವೇ ಹೆಚ್ಚು. ಆದರೆ ಗುರುವಾಗಿ ಪಡೆದ ಈ ಅರಿವನ್ನು ಹಳೆಯ ಶಿಷ್ಯನ ಮೇಲೆಯೇ ಪ್ರಯೋಗಿಸಬಹುದೆ?

ಮಹಾಭಾರತವನ್ನು ಬಲ್ಲವರಿಗೆ ಇಲ್ಲಿ ಶಲ್ಯನ ನೆನಪಾಗದಿರದು. ಕರ್ಣನ ಸಾರಥಿಯಾಗಿ ಕುಳಿತು, ಅರ್ಜುನನನ್ನು ನೀನು ಗೆಲ್ಲಲಾರೆಯೆಂದು ಅವನು ಹೇಳಿದುದು ಕಡೆಗೆ ನಿಜವೇ ಆಯಿತು. ಆದರೂ ಆ ಮಾತನ್ನು ಯಾರೂ ಸತ್ಯವಚನವೆಂದು ಕೊಂಡಾಡುವುದಿಲ್ಲ. ಕರ್ಣನ ತೇಜಸ್ಸನ್ನು ಕುಂದಿಸುವೆನೆಂದು ಮೊದಲೇ ಧರ್ಮರಾಯನಿಗೆ ಮಾತು ಕೊಟ್ಟು, ಆಮೇಲೆ ಕರ್ಣನ ರಥದಲ್ಲಿಯೇ ಕುಳಿತು ಆಡಿದ ಮಾತದು. ರೋಚನು ಹೀಗೆ ಮಾಡಲಿಲ್ಲ. ಅವನು ಇದಿರುಪಕ್ಷದಲ್ಲಿ ಬಹಿರಂಗವಾಗಿ ನಿಂತು, ಎಲ್ಲರೂ ಕೇಳುವಂತೆ ನುಡಿದನು. ಡೆ ಲಾ ಹೊಯಾ ಕೂಡ ಕೇಳಿದನು. ಆದರೆ ಕೆಣಕುವ ಮಾತೆಂದು ತಿಳಿದನು. ರೋಚನ ತಪ್ಪೇನಾದರೂ ಇದ್ದರೆ ಅದು ಮಾತಿನಲ್ಲಿ ಅಲ್ಲ, ಆ ಅರಿವಿನಿಂದಲೇ ಪಂದ್ಯವು ತನ್ನವನಿಗೆ ಲಾಭಕರವೆಂದು ಎಣಿಸಿದುದರಲ್ಲಿ. ಮುಷ್ಟಿಯುದ್ಧದ ವ್ಯವಹಾರದಲ್ಲಿ ಅದನ್ನು ಜಾಣತನವೆನ್ನುತ್ತಾರೆ. ಪಂದ್ಯವು ಮುಗಿದ ಮೇಲೆ ಸೋತವನು ತಾನಾಗಿ ರೋಚನ ಬಳಿಗೆ ಬಂದು, ನೀನು ಹೇಳಿದುದೇ ಸರಿ, ನನ್ನಲ್ಲಿ ಅದು ಈಗ ಉಳಿದಿಲ್ಲವೆಂದು ಒಪ್ಪಿಕೊಂಡನು. ಮರುವರ್ಷದ ಏಪ್ರಿಲಿನಲ್ಲಿ ವೃತ್ತಿಯನ್ನು ಬಿಟ್ಟನು.

ಇದಾದ ಎರಡು ವಾರಗಳಿಗೆ, ಡಿಸೆಂಬರು 20ರಂದು, ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ನಡೆದ ಪಂದ್ಯದ ಅಂತರವಾದರೋ ಪುರಾಣಕ್ಕೆ ಒಪ್ಪುವಂಥದು. ರಷ್ಯಾ ದೇಶದ ನಿಕೊಲಾಯ್ ವಲುಯೆವ್ 7 ಅಡಿ ಎತ್ತರ, 310 ಪೌಂಡು ತೂಕದವನು, ವಯಸ್ಸು 35. ಅವನ ಇದಿರು ನಿಂತ ಇವ್ಯಾಂಡರ್ ಹೋಲಿಫೀಲ್ಡನು 214 ಪೌಂಡು ತೂಗುತ್ತಿದ್ದನು, ವಯಸ್ಸು 46. ಗಾತ್ರ, ಪ್ರಾಯ ಎರಡೂ ಒಬ್ಬನ ಪಕ್ಷದಲ್ಲಿಯೇ ಇದ್ದುದರಿಂದ ಭವಿಷ್ಯ ನುಡಿಯುವವರಿಗೆ ತೊಡಕೇ ಇರಲಿಲ್ಲ. ಅವರು ಹೇಳಿದಂತೆ ವಲುಯೆವನೇ ಗೆದ್ದನು. ಆದರೆ ಆ ಗೆಲವು ಎಂಥದು? ಮುದುಕನು ಸುತ್ತಿ ಸುತ್ತಿ ನಡೆದನು, ದೈತ್ಯನು ಹಿಂದೆ ಹಿಂದೆ ಬಂದನು. ಹನ್ನೆರಡು ಸುತ್ತುಗಳ ತರುವಾಯ ತೀರ್ಪುಗಾರರಲ್ಲಿ ಒಬ್ಬನು ಸಮವೆಂದನು. ಒಬ್ಬನು ವಲುಯೆವನಿಗೆ ಒಂದಂಕ, ಇನ್ನೊಬ್ಬನು ನಾಲ್ಕಂಕ ಹೆಚ್ಚು ಕೊಟ್ಟನು. ಹೋಲಿಫೀಲ್ಡನೇ ಗೆದ್ದನೆಂದು ಎಣಿಸಿದವರು ಬಹುಮಂದಿ. ಲಾಸ್ ವೇಗಾಸಿನಲ್ಲಿ ತಪ್ಪಿದವರು ಕಲಿಯಲು ಏನಾದರೂ ಇತ್ತು. ಜೂರಿಕಿನಲ್ಲಿ ಗೆದ್ದವರು ಅರಿತುದು ಏನೂ ಇಲ್ಲ.

ಪಣಿಗರ ಮಾತು ಇಷ್ಟಕ್ಕೆ ಸಾಕು. ಹೊಣೆ ಹೊತ್ತು ಭವಿಷ್ಯ ನುಡಿಯಬೇಕಾದವರು ಬೇರೆಯೇ ಇದ್ದಾರೆ. ಮಲ್ಲನು ಕಣಕ್ಕಿಳಿಯಲು ಸರ್ಕಾರದ ಆಯೋಗವು ಅನುಮತಿಪತ್ರ ಕೊಡಬೇಕು. ಕೊಡುವುದೂ ಬಿಡುವುದೂ ಭವಿಷ್ಯ ನುಡಿದಂತೆಯೇ. ಇದೇ ಹೋಲಿಫೀಲ್ಡನಿಗೆ 2005ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಆಯೋಗವು, ವೈದ್ಯಪರೀಕ್ಷೆಗಳಲ್ಲಿ ತೇರ್ಗಡೆಯಾಗಿದ್ದರೂ, ನೈಪುಣ್ಯವು ಕುಗ್ಗಿದೆಯೆಂಬ ಕಾರಣದಿಂದ ಬಾಗಿಲು ಮುಚ್ಚಿತು. ಮರುವರ್ಷವೇ ಅವನು ಟೆಕ್ಸಸಿನ ಡಲ್ಲಾಸಿನಲ್ಲಿ ಹೋರಾಡಿದನು. ಮತ್ತೆರಡು ವರ್ಷಗಳಲ್ಲಿ ಜೂರಿಕಿಗೆ ಹೋದನು. ಆಯೋಗವು ಸುಳ್ಳಾಯಿತೆಂದು ಅವನ ಅಭಿಮಾನಿಗಳು ಹೇಳಬಹುದು. ಆದರೆ ಆಯೋಗದ ಭಯವು ಯಾವುದೊಂದು ರಾತ್ರಿಯ ಸೋಲಿನದಲ್ಲ. ಅದು ಮುಂದೆ ಹತ್ತಿಪ್ಪತ್ತು ವರ್ಷಗಳ ಬಾಳಿಗೆ ಸಂಬಂಧಿಸಿದುದು. ಮೇಲಾಗಿ ಇಂಥ ಭವಿಷ್ಯಕ್ಕೆ ಒಂದು ದುರದೃಷ್ಟವಿದೆ. ಅದನ್ನು ಎಲ್ಲರೂ ಮನ್ನಿಸಿದರೆ ಪಂದ್ಯವೇ ನಡೆಯುವುದಿಲ್ಲ. ಪಂದ್ಯ ನಡೆಯದಿದ್ದರೆ ಅದು ಸರಿಯೆಂಬುದಕ್ಕೆ ಸಾಕ್ಷಿಯೇ ಹುಟ್ಟುವುದಿಲ್ಲ. ಜೂಜುಗಾರನಿಗೆ ಮರುದಿನವೇ ಕೀರ್ತಿ ಬಂದೀತು. ತಡೆದವನಿಗೆ ಎಂದೆಂದಿಗೂ ಹಟಮಾರಿಯೆಂಬ ಹೆಸರೇ ಗತಿ.

ಮನ್ನಿಸದೆಹೋದಲ್ಲಿ ಮಾತ್ರ ಸಾಕ್ಷಿ ಹುಟ್ಟುತ್ತದೆ. ಮುಹಮ್ಮದ್ ಅಲಿಯ ವೈದ್ಯನಾಗಿದ್ದ ಫರ್ಡಿ ಪಚೇಕೊ, ಇನ್ನು ಸಾಕೆಂದು ಹೇಳಿ, ಕೇಳುವವರಿಲ್ಲದೆ 1977ರಲ್ಲಿ ಆ ಬಳಗವನ್ನು ಬಿಟ್ಟನು. 1980ರ ಅಕ್ಟೋಬರು 2ರಂದು ಅಲಿ, ತನ್ನ 38ನೆಯ ವಯಸ್ಸಿನಲ್ಲಿ, ಲ್ಯಾರಿ ಹೋಮ್ಸನ ಇದಿರು ನಿಂತನು. ನೆವಾಡಾ ಸಂಸ್ಥಾನವು ಅನುಮತಿ ಕೊಟ್ಟಿತ್ತು. ಅಂದು ಅಲಿಯ ತೂಕ 217½ ಪೌಂಡು; 1974ರಲ್ಲಿ ಜಯೀರ್ ದೇಶದಲ್ಲಿ ಜಾರ್ಜ್ ಫೋರ್‌ಮನ್ನನನ್ನು ಕೆಡವಿದಾಗ ಇದ್ದುದು 216½. ತಕ್ಕಡಿಗೆ ಒಂದೇ ಪೌಂಡಿನ ವ್ಯತ್ಯಾಸ ಕಂಡಿತು. ಹಳೆಯ ಅಲಿಯೇ ಮರಳಿ ಬಂದನೆಂದು ನೆಚ್ಚಿದವರಿಗೆ, ಆ ತೆಳುಮೈ ಥೈರಾಯ್ಡ್ ಔಷಧಿಯಿಂದ ಬಂದುದೆಂಬುದು ತಿಳಿದಿರಲಿಲ್ಲ. ಹತ್ತು ಸುತ್ತುಗಳು ಕಳೆದ ಮೇಲೆ ಅವನ ಕಡೆಯವನೇ ಆದ ಏಂಜೆಲೊ ಡಂಡಿ ಪಂದ್ಯವನ್ನು ನಿಲ್ಲಿಸಿದನು. 1984ರಲ್ಲಿ ಅಲಿಗೆ ಪಾರ್ಕಿನ್ಸನ್ನನ ವ್ಯಾಧಿಯೆಂದು ವೈದ್ಯರು ಗೊತ್ತುಮಾಡಿದರು. ವ್ಯಾಧಿಗೂ ಹೊಡೆತಗಳಿಗೂ ಇರುವ ಸಂಬಂಧವೆಷ್ಟೆಂಬುದು ವೈದ್ಯರ ಚರ್ಚೆಗೆ ಬಿಟ್ಟ ವಿಷಯ. ಆದರೆ ಅಂದು ಅನುಮತಿಗೆ ಸಹಿ ಹಾಕಿದವರನ್ನು ಪಣ ಕಟ್ಟಿದವರ ಸಾಲಿನಲ್ಲಿ ಕೂರಿಸಿ ಬಿಟ್ಟುಬಿಡುವಂತಿಲ್ಲ.

2025ನೆಯ ಇಸವಿ ಜುಲೈ 19ರಂದು, ಅದೇ ಲಾಸ್ ವೇಗಾಸಿನಲ್ಲಿ, ಪಾಕಿಯಾವ್ ಮತ್ತೆ ಕಣಕ್ಕಿಳಿದನು. ಹೋಲಿಫೀಲ್ಡನಿಗೆ ಜೂರಿಕಿನಲ್ಲಿ ಇದ್ದಷ್ಟೇ ವಯಸ್ಸು, 46. ನಾಲ್ಕು ವರ್ಷಗಳಿಂದ ವೃತ್ತಿಯ ಪಂದ್ಯವಾಡಿರಲಿಲ್ಲ. ಇದಿರಾಳಿ ಮಾರಿಯೊ ಬಾರಿಯೋಸ್ 30 ವರ್ಷದವನು, 6 ಅಡಿ ಎತ್ತರ. ಚಿಕ್ಕವನು ಅಂದು ಮುದುಕನೂ ಆಗಿದ್ದುದರಿಂದ, ಅವನ ಸೋಲನ್ನು ನುಡಿದವರಿಗೆ ಎರಡು ಆಧಾರಗಳಿದ್ದವು. ಹನ್ನೆರಡು ಸುತ್ತುಗಳು ನಡೆದವು. ತೀರ್ಪುಗಾರರಲ್ಲಿ ಇಬ್ಬರು ಸಮವೆಂದರು, ಒಬ್ಬನು ಬಾರಿಯೋಸನಿಗೆ ಎರಡಂಕ ಹೆಚ್ಚು ಕೊಟ್ಟನು. ಪಂದ್ಯವು ಸಮವೆಂದು ಮುಗಿಯಿತು. ಅವನ ಮುಂದಿನ ಇದಿರಾಳಿ ಯಾರಾಗಬೇಕೆಂಬ ಚರ್ಚೆಯು ಕೂಡಲೇ ಮೊದಲಾಯಿತು.